ಅಧಿಕಾರ ಹಂಚಿದ ಸಂವಿಧಾನ, ಸೊರಗಿದ ಸದನ

ಸಂವಿಧಾನ ಜಾರಿಗೆ ಬಂದು ಮುಕ್ಕಾಲು ಶತಮಾನ ದಾಟಿತು. 1950ರ ಜನವರಿ 26ರಂದು 395 ವಿಧಿ, 8 ಅನುಸೂಚಿಗಳೊಡನೆ ಜಾರಿಗೆ ಬಂದ ಆ ಗ್ರಂಥ 2023ರ ಹೊತ್ತಿಗೆ 106 ತಿದ್ದುಪಡಿಗಳನ್ನು ಅರಗಿಸಿಕೊಂಡಿತ್ತು. ನೆರೆಯ ಪಾಕಿಸ್ತಾನ 1956, 1962, 1973ರಲ್ಲಿ ಮೂರು ಸಂವಿಧಾನಗಳನ್ನು ಬರೆದುಕೊಂಡಿತು. ನಡುನಡುವೆ ಸೇನಾಧಿಕಾರಿಗಳ ಆಳ್ವಿಕೆಯನ್ನೂ ಕಂಡಿತು. ನಮ್ಮಲ್ಲಿ ದೆಹಲಿಯ ಗದ್ದುಗೆ ಒಬ್ಬರಿಂದ ಇನ್ನೊಬ್ಬರಿಗೆ ಹೋದದ್ದು ಮತದ ಬಲದಿಂದಲೇ. ಈ ಸಾಧನೆ ಸಣ್ಣದಲ್ಲ. ಆದರೆ ಸಂವಿಧಾನ ಉಳಿಯಿತೇ ಎಂಬ ಪ್ರಶ್ನೆ ಬೇರೆ, ಅದು ಅಧಿಕಾರವನ್ನು ಯಾರ್ಯಾರ ನಡುವೆ ಹೇಗೆ ಹಂಚಿತ್ತೋ ಆ ಹಂಚಿಕೆ ಉಳಿಯಿತೇ ಎಂಬ ಪ್ರಶ್ನೆ ಬೇರೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಪೌರನೀತಿಯ ಪಾಠದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಮೂರು ಅಂಗಗಳಲ್ಲಿ ಈ ಅವಧಿಯಲ್ಲಿ ಯಾವುದು ಬೆಳೆಯಿತು, ಯಾವುದು ಸೊರಗಿತು? ಹಿಂತಿರುಗಿ ನೋಡಿದಾಗ ಕಾಣುವ ಉತ್ತರ ನೆಮ್ಮದಿ ಕೊಡುವಂಥದ್ದಲ್ಲ. ನಾವೇ ಆರಿಸಿ ಕಳಿಸುವ ಸದನ ಉಳಿದೆರಡಕ್ಕಿಂತ ಹೆಚ್ಚು ಕಳೆದುಕೊಂಡಿದೆ.

ಮೊದಲು ಕೊಟ್ಟ ಮಾತನ್ನು ನೆನೆಯೋಣ. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. 1947ರ ಅಕ್ಟೋಬರ್‌ನಲ್ಲಿ ಅವರು ಸಿದ್ಧಪಡಿಸಿದ ಮೊದಲ ಕರಡಿನಲ್ಲಿ 243 ವಿಧಿಗಳಿದ್ದವು. ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ತಿದ್ದಿ ಬೆಳೆಸಿತು. 1948ರ ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಟ್ಟಾಗ ಅಂಬೇಡ್ಕರ್ ಎರಡು ಮಾದರಿಗಳನ್ನು ತೂಗಿ ನೋಡಿದರು. ಅಮೆರಿಕದ ಅಧ್ಯಕ್ಷೀಯ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಬ್ರಿಟನ್ನಿನ ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು. ಎರಡೂ ಸಮಪ್ರಮಾಣದಲ್ಲಿ ದೊರೆಯುವ ವ್ಯವಸ್ಥೆ ಇಲ್ಲ. ಕರಡು ಸಮಿತಿ ಹೊಣೆಗಾರಿಕೆಗೆ ಮಣೆ ಹಾಕಿದೆ ಎಂಬುದು ಅವರ ವಿವರಣೆಯಾಗಿತ್ತು. ಸರ್ಕಾರದ ಲೆಕ್ಕವನ್ನು ಮತದಾರರು ಕೆಲವು ವರ್ಷಗಳಿಗೊಮ್ಮೆ ಕೇಳುತ್ತಾರೆ. ಸದನವಾದರೋ ಪ್ರಶ್ನೆ, ನಿಲುವಳಿ ಸೂಚನೆ, ಅವಿಶ್ವಾಸ ನಿರ್ಣಯಗಳ ಮೂಲಕ ದಿನದಿನವೂ ಕೇಳುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಕಟ್ಟಡ ನಿಂತಿತ್ತು. ಮೂರೂ ಅಂಗಗಳನ್ನು ಪೂರ್ತಿ ಬೇರ್ಪಡಿಸಬೇಕೆಂದು ಪ್ರೊ. ಕೆ.ಟಿ. ಷಾ ತಂದ ತಿದ್ದುಪಡಿಯನ್ನು ಸಭೆ ಒಪ್ಪಲಿಲ್ಲ. ಮಂತ್ರಿಗಳು ಸದನದೊಳಗೇ ಕೂರಬೇಕು, ಅಲ್ಲೇ ಉತ್ತರ ಹೇಳಬೇಕು ಎಂಬುದೇ ತೀರ್ಮಾನವಾಯಿತು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸುವ ಮಾತು 50ನೇ ವಿಧಿಯಾಗಿ ರಾಜ್ಯನೀತಿಯ ನಿರ್ದೇಶಕ ತತ್ವಗಳ ಸಾಲಿನಲ್ಲಿ ಉಳಿಯಿತು. ಹೀಗೆ ಕಾರ್ಯಾಂಗಕ್ಕೆ ಮೂಗುದಾರ ಹಾಕುವ ಮೊದಲ ಹೊಣೆ ಬಿದ್ದದ್ದು ಸದನದ ಮೇಲೆ.

ಮೊದಲ ಹದಿನೈದು ವರ್ಷಗಳಲ್ಲಿ ಆ ಮಾತು ಬಹುಮಟ್ಟಿಗೆ ನಡೆಯಿತು. ಮೊದಲ ಲೋಕಸಭೆ ತನ್ನ ಐದು ವರ್ಷಗಳಲ್ಲಿ 677 ದಿನ ಕೂತಿತು. ಕಾಂಗ್ರೆಸ್ಸಿಗೆ ಎದುರಾಳಿಯೇ ಇಲ್ಲದಷ್ಟು ಬಹುಮತವಿದ್ದ ಕಾಲವದು. ಆದರೂ ಸದನ ಬಾಯಿ ಕಟ್ಟಿಕೊಂಡು ಕೂರಲಿಲ್ಲ. ಜೀವ ವಿಮಾ ನಿಗಮದ ಹಣ ಮುಂಧ್ರಾ ಕಂಪನಿಗಳಿಗೆ ಹರಿದುಹೋದ ಬಗೆಯನ್ನು 1957ರಲ್ಲಿ ಲೋಕಸಭೆಯಲ್ಲಿ ಬಯಲಿಗೆಳೆದವರು ಆಡಳಿತ ಪಕ್ಷದವರೇ ಆದ, ಪ್ರಧಾನಿಯ ಅಳಿಯನೂ ಆದ ಫಿರೋಜ್ ಗಾಂಧಿ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ವಿಚಾರಣೆ ನಡೆಸಿದರು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಆ ಕಾಲವನ್ನು ಸತ್ಯಯುಗ ಮಾಡುವುದೂ ಬೇಡ. ಸಂವಿಧಾನಕ್ಕೆ ಒಂದೂವರೆ ವರ್ಷ ತುಂಬುವ ಮೊದಲೇ ಮೊದಲ ತಿದ್ದುಪಡಿ ಬಂದು, ನ್ಯಾಯಾಲಯದ ಕೈಗೆ ಸಿಗಬಾರದ ಕಾಯ್ದೆಗಳನ್ನಿಡಲೆಂದೇ 9ನೇ ಅನುಸೂಚಿ ಹುಟ್ಟಿತು. ಆಗ ಅದರಲ್ಲಿದ್ದದ್ದು 13 ಕಾಯ್ದೆಗಳು. 356ನೇ ವಿಧಿ ಬಳಕೆಗೇ ಬಾರದೆ ಕಾಗದದ ಮೇಲೆ ಉಳಿಯಲಿ ಎಂದು ಅಂಬೇಡ್ಕರ್ ಹಾರೈಸಿದ್ದರು. 1959ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರವನ್ನು ಸದನದಲ್ಲಿ ಬಹುಮತವಿದ್ದಾಗಲೇ ಅದೇ ವಿಧಿಯಡಿ ವಜಾ ಮಾಡಲಾಯಿತು. ಮುಂದಿನ ದಶಕಗಳಲ್ಲಿ ದೆಹಲಿ ಮತ್ತೆ ಮತ್ತೆ ತುಳಿದ ಹಾದಿ ತೆರೆದುಕೊಂಡದ್ದು ಅಲ್ಲಿ.

1967ರಿಂದ 1980ರವರೆಗಿನ ಹದಿಮೂರು ವರ್ಷ ಸಂಸತ್ತಿಗೂ ಸುಪ್ರೀಂ ಕೋರ್ಟಿಗೂ ನಡೆದ ಹಗ್ಗಜಗ್ಗಾಟದ ಕಾಲ. ಗೋಲಕನಾಥ್ ತೀರ್ಪು, ಬ್ಯಾಂಕ್ ರಾಷ್ಟ್ರೀಕರಣ, ರಾಜಧನ ರದ್ದತಿ, 24ನೇ ಮತ್ತು 25ನೇ ತಿದ್ದುಪಡಿ ಒಂದರ ಬೆನ್ನಿಗೊಂದು ಬಂದವು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ದಾವೆ 13 ನ್ಯಾಯಮೂರ್ತಿಗಳ ಪೀಠದ ಮುಂದೆ 68 ದಿನ ನಡೆದು, 1973ರ ಏಪ್ರಿಲ್ 24ರಂದು ಏಳು-ಆರರ ಅಂತರದಲ್ಲಿ ತೀರ್ಮಾನವಾಯಿತು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬುದು ತೀರ್ಪಿನ ತಿರುಳು. ಭೂಸುಧಾರಣೆಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿ ಉಳಿಯಿತು, ಸ್ವಾಮೀಜಿಗೆ ಜಮೀನಿನ ವಿಷಯದಲ್ಲಿ ಗೆಲುವು ಸಿಗಲಿಲ್ಲ. ದೇಶಕ್ಕೆ ಮಾತ್ರ ಒಂದು ರಕ್ಷಾಕವಚ ಸಿಕ್ಕಿತು. ಸರ್ಕಾರದ ಸೇಡು ಕೂಡಲೇ ಬಂತು. ಹಿರಿಯರಾದ ಶೇಲಟ್, ನಮ್ಮ ಕರಾವಳಿಯವರೇ ಆದ ಕೆ.ಎಸ್. ಹೆಗ್ಡೆ ಮತ್ತು ಗ್ರೋವರ್ ಅವರನ್ನು ಹಿಂದಿಕ್ಕಿ ಎ.ಎನ್. ರೇ ಮುಖ್ಯ ನ್ಯಾಯಮೂರ್ತಿಯಾದರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಅದೇ ಹೆಗ್ಡೆ 1977ರಲ್ಲಿ ಲೋಕಸಭೆಯ ಸ್ಪೀಕರ್ ಪೀಠದಲ್ಲಿ ಕುಳಿತದ್ದು ಕಾಲ ಕೊಟ್ಟ ಉತ್ತರ. ಆದರೆ ಈ ಜಗಳದಲ್ಲಿ ನ್ಯಾಯವೆಲ್ಲ ಒಂದೇ ಕಡೆ ಇತ್ತೆಂದು ಬರೆಯಲಾಗದು. 1974ರ ಮಾರ್ಚ್ 1ರಿಂದ ಜಾರಿಯಾದ ದೇವರಾಜ ಅರಸು ಕಾಲದ ಭೂಸುಧಾರಣೆ ವಕೀಲರನ್ನು ದೂರವಿಟ್ಟು, ಭೂನ್ಯಾಯಮಂಡಳಿಗಳ ಮುಂದೆ ಗೇಣಿದಾರನಿಗೇ ಬಾಯಿ ಕೊಟ್ಟಿತು. ಉಳುವವನ ಹೆಸರಿಗೆ ಪಹಣಿ ಬಂದ ಮನೆಗಳಿಗೆ ಶಾಸಕಾಂಗದ ಬಲದ ಬೆಲೆ ಗೊತ್ತಿದೆ.

ಆಮೇಲೆ ಬಂದದ್ದು ತುರ್ತುಪರಿಸ್ಥಿತಿ. ಪಕ್ಷಾಂತರ ತಡೆಯುವ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ 1975ರ ಜೂನ್‌ನಲ್ಲಿ ಇಲ್ಲಿಯೇ ಬಂಧನಕ್ಕೊಳಗಾಗಿ ಸೆರೆಮನೆ ಸೇರಿದರು. ಬಂಧಿತರು ಕೋರ್ಟಿನ ಬಾಗಿಲು ತಟ್ಟಬಹುದು ಎಂದ ಒಂಬತ್ತು ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ನಾಲ್ಕು-ಒಂದರ ತೀರ್ಪಿನಲ್ಲಿ ಆ ಬಾಗಿಲನ್ನು ಮುಚ್ಚಿತು. ಭಿನ್ನಮತ ಬರೆದ ಎಚ್.ಆರ್. ಖನ್ನಾ ಮುಖ್ಯ ನ್ಯಾಯಮೂರ್ತಿಯಾಗುವ ಅವಕಾಶ ಕಳೆದುಕೊಂಡರು. ಅದೇ ವರ್ಷದ 42ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಆರು ವರ್ಷಕ್ಕೆ ಎಳೆಯಿತು, ಶಿಕ್ಷಣ ಮತ್ತು ಅರಣ್ಯವನ್ನು ರಾಜ್ಯಗಳ ಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಗೆ ಹಾಕಿತು. 1978ರ 44ನೇ ತಿದ್ದುಪಡಿ ಹಲವನ್ನು ಸರಿಪಡಿಸಿತು. ಬೆಂಗಳೂರಿನ ಮಿನರ್ವ ಮಿಲ್ಸ್ ಹೆಸರಿನ 1980ರ ತೀರ್ಪು ಮೂಲ ಸ್ವರೂಪದ ಸಿದ್ಧಾಂತವನ್ನು ಗಟ್ಟಿಮಾಡಿತು. ಶಿಕ್ಷಣ, ಅರಣ್ಯಗಳು ಮಾತ್ರ ರಾಜ್ಯಗಳಿಗೆ ಮರಳಲಿಲ್ಲ. ಇಂದು ವೈದ್ಯಕೀಯ ಪ್ರವೇಶ ಪರೀಕ್ಷೆಯ ಬಗ್ಗೆ ರಾಜ್ಯಗಳು ತಗಾದೆ ತೆಗೆಯುವಾಗ ಆ ನಷ್ಟದ ಬೇರು ಎಲ್ಲಿದೆಯೆಂದು ನೆನೆಯುವವರು ಕಡಿಮೆ. ಆ ದಿನಗಳ ಇನ್ನೊಂದು ಪಾಠವನ್ನೂ ಮರೆಯಬಾರದು: ಸದನ ಅಂದು ಮುಚ್ಚಿರಲಿಲ್ಲ. ವಿರೋಧಿಗಳು ಸೆರೆಮನೆಯಲ್ಲಿದ್ದಾಗ ಅದು ಕೂತು, ಕೈಯೆತ್ತಿ, ಎಲ್ಲಕ್ಕೂ ಒಪ್ಪಿಗೆಯ ಮುದ್ರೆ ಒತ್ತಿತ್ತು.

ಎಂಬತ್ತರ ದಶಕದಲ್ಲಿ ಅಧಿಕಾರ ಹಂಚಿಕೆಯ ಮಾತು ಕೇಂದ್ರ-ರಾಜ್ಯಗಳ ಕಡೆಗೆ ಹೊರಳಿತು. ಅದಕ್ಕೆ ಕರ್ನಾಟಕ ಕೊಟ್ಟ ಕಾಣಿಕೆ ದೊಡ್ಡದು. 1983ರ ಮಾರ್ಚ್‌ನಲ್ಲಿ ರಾಮಕೃಷ್ಣ ಹೆಗಡೆ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿನಲ್ಲಿ ಕಲೆಹಾಕಿದರು; ಅದೇ ತಿಂಗಳು ಕೇಂದ್ರ ಸರ್ಕಾರ ಸರ್ಕಾರಿಯಾ ಆಯೋಗವನ್ನು ಪ್ರಕಟಿಸಿತು. ದೆಹಲಿಯಿಂದ ಅಧಿಕಾರ ಕೇಳಿದ ಹೆಗಡೆ ಸರ್ಕಾರ ಕೆಳಗಿನವರಿಗೂ ಕೊಟ್ಟಿತು ಎಂಬುದು ಅದರ ಹೆಗ್ಗಳಿಕೆ. ಅಬ್ದುಲ್ ನಜೀರ್ ಸಾಬ್ ಮುಂದೆ ನಿಂತು ರೂಪಿಸಿದ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಮೀಸಲಾಯಿತು. 73ನೇ ತಿದ್ದುಪಡಿ ಬರುವುದಕ್ಕೆ ಇನ್ನೂ ಐದು ವರ್ಷ ಇತ್ತು. ಅದೇ ನೆಲದಲ್ಲಿ 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. ಸದನದಲ್ಲೇ ಬಹುಮತ ತೋರಿಸುತ್ತೇನೆಂದು ಮುಖ್ಯಮಂತ್ರಿ ಹೇಳುತ್ತಿದ್ದರೂ ರಾಜಭವನ ಶಾಸಕರ ಪತ್ರಗಳನ್ನು ನಂಬಿತು. ಐದು ವರ್ಷದ ಬಳಿಕ, 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಆ ವಜಾವನ್ನು ಅಸಾಂವಿಧಾನಿಕವೆಂದು ಸಾರಿ, ಬಹುಮತ ಪರೀಕ್ಷೆಗೆ ಸದನವೇ ಸ್ಥಳ ಎಂದು ನಿಶ್ಚಯಿಸಿತು. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ಅಷ್ಟರಲ್ಲಿ ರಾಜ್ಯ ಬೇರೆ ಚುನಾವಣೆಯನ್ನೇ ಕಂಡಿತ್ತು. 1977ರಲ್ಲಿ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು, 1980ರಲ್ಲಿ ಕಾಂಗ್ರೆಸ್ ಮತ್ತೆ ಒಂಬತ್ತನ್ನು ಒಂದೇ ಏಟಿಗೆ ವಿಸರ್ಜಿಸಿದ ದೇಶದಲ್ಲಿ 356ನೇ ವಿಧಿಯ ಬಳಕೆ ವಿರಳವಾದದ್ದು ಈ ತೀರ್ಪಿನಿಂದ. ಎಪ್ಪತ್ತೈದು ವರ್ಷಗಳ ಲಾಭಗಳಲ್ಲಿ ಇದನ್ನು ಮೇಲಿನ ಸಾಲಿನಲ್ಲೇ ಬರೆಯಬೇಕು.

ಬೊಮ್ಮಾಯಿ ತೀರ್ಪು ಸದನಕ್ಕೆ ಮರಳಿಸಿದ ಮಾನವನ್ನು ಶಾಸಕರೇ ಉಳಿಸಿಕೊಳ್ಳಲಿಲ್ಲ. 1985ರಲ್ಲಿ 10ನೇ ಅನುಸೂಚಿಯಾಗಿ ಬಂದ ಪಕ್ಷಾಂತರ ನಿಷೇಧ ಕಾಯ್ದೆ ಒಳ್ಳೆಯ ಉದ್ದೇಶದ ಕೂಸು. ಆದರೆ ಅದು ಒಬ್ಬ ಶಾಸಕ ಆತ್ಮಸಾಕ್ಷಿಗೆ ಓಗೊಟ್ಟು ಪಕ್ಷದ ವಿಪ್ ಮೀರಿದರೂ ಸ್ಥಾನ ಕಳೆದುಕೊಳ್ಳುವಂತೆ ಮಾಡಿತು. ಹಿಂಡಾಗಿ ಹೋಗುವವರಿಗೆ ದಾರಿ ಬಿಟ್ಟಿತು. ತೀರ್ಪು ಕೊಡುವ ಅಧಿಕಾರವನ್ನು ಆಡಳಿತ ಪಕ್ಷದ ಬೆಂಬಲದಿಂದ ಆಯ್ಕೆಯಾಗುವ ಸ್ಪೀಕರ್ ಕೈಗಿತ್ತಿತು. ಫಲವನ್ನು ಹೆಚ್ಚು ಉಂಡವರು ನಾವು ಕನ್ನಡಿಗರು. 2008ರ ನಂತರ ಶಾಸಕರು ರಾಜೀನಾಮೆ ಕೊಟ್ಟು, ಪಕ್ಷ ಬದಲಿಸಿ, ಉಪಚುನಾವಣೆಯಲ್ಲಿ ಗೆದ್ದು ಬರುವ ಹೊಸ ತಂತ್ರಕ್ಕೆ ನಾಮಕರಣವಾದದ್ದೇ ಇಲ್ಲಿ. 2010ರಲ್ಲಿ ಸ್ಪೀಕರ್ 16 ಶಾಸಕರನ್ನು ಅನರ್ಹಗೊಳಿಸಿದರು, 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2018ರ ಮೇನಲ್ಲಿ ರಾಜ್ಯಪಾಲರು ಬಹುಮತ ತೋರಿಸಲು ಕೊಟ್ಟ ಹದಿನೈದು ದಿನವನ್ನು ಕೋರ್ಟ್ ಒಂದೆರಡು ದಿನಕ್ಕೆ ಇಳಿಸಿತು. 2019ರಲ್ಲಿ 17 ಶಾಸಕರು ಅನರ್ಹರಾದರು. ಅನರ್ಹತೆ ಸರಿ, ಆದರೆ ಮತ್ತೆ ಸ್ಪರ್ಧಿಸಬಹುದು ಎಂದು ಅದೇ ಕೋರ್ಟ್ ಹೇಳಿತು. ಜನ ಗೆಲ್ಲಿಸಿ ಕಳಿಸಿದವರು ರೆಸಾರ್ಟಿನ ಗೇಟಿನೊಳಗೆ, ಅವರ ಬಹುಮತದ ಲೆಕ್ಕ ದೆಹಲಿಯ ಕೋರ್ಟಿನಲ್ಲಿ. ಇದನ್ನು ಈ ರಾಜ್ಯ ಟೀವಿಯ ಮುಂದೆ ಕೂತು ಎಷ್ಟು ಸಲ ನೋಡಿದೆ!

ಸದನ ಬಿಟ್ಟುಕೊಟ್ಟ ಜಾಗ ಖಾಲಿ ಉಳಿಯಲಿಲ್ಲ. ಅದರಲ್ಲಿ ಒಂದಷ್ಟು ನ್ಯಾಯಾಲಯದ ಪಾಲಾಯಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳಿಂದ ಜೀತದಾಳುಗಳಿಗೆ, ವಿಚಾರಣಾಧೀನ ಕೈದಿಗಳಿಗೆ ಬಿಡುಗಡೆ ಸಿಕ್ಕಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಇಳಿವಯಸ್ಸಿನಲ್ಲಿ ಹೂಡಿದ ದಾವೆಯಿಂದ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆನಿಸಿತು. ಇವೆಲ್ಲ ನಿಜವಾದ ಗಳಿಕೆಗಳು. ಆದರೆ 1993ರ ತೀರ್ಪಿನಿಂದ ನ್ಯಾಯಮೂರ್ತಿಗಳ ನೇಮಕದಲ್ಲಿ ಕೊನೆಯ ಮಾತು ನ್ಯಾಯಮೂರ್ತಿಗಳದ್ದೇ ಆಯಿತು. ಕೊಲಿಜಿಯಂ ಎಂಬ ಹೆಸರು ಸಂವಿಧಾನದ ಯಾವ ವಿಧಿಯಲ್ಲೂ ಇಲ್ಲ. ಬದಲಿ ವ್ಯವಸ್ಥೆಯಾಗಿ ಸಂಸತ್ತು ತಂದ 99ನೇ ತಿದ್ದುಪಡಿ 2015ರ ಅಕ್ಟೋಬರ್‌ನಲ್ಲಿ ನಾಲ್ಕು-ಒಂದರ ತೀರ್ಪಿನಿಂದ ಬಿದ್ದುಹೋಯಿತು. 1973ರ ಸೇಡನ್ನು ಕಂಡವರಿಗೆ ಸರ್ಕಾರದ ಮೇಲಿನ ಈ ಅಪನಂಬಿಕೆ ಅರ್ಥವಾಗುತ್ತದೆ. ಆದರೂ ಯಾರಿಗೂ ಕಾರಣ ಹೇಳಬೇಕಾಗಿಲ್ಲದ ಆಯ್ಕೆ ಪ್ರಜಾಪ್ರಭುತ್ವಕ್ಕೆ ಒಪ್ಪುವ ಮಾತಲ್ಲ. ಕೋರ್ಟಿನ ಕೈಗೂ ಮಿತಿ ಇದೆ. ರಾಜ್ಯಪಾಲರು ಮಸೂದೆಗಳನ್ನು ಇಟ್ಟುಕೊಂಡು ಕೂರುವುದರ ವಿರುದ್ಧ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಾಲಮಿತಿ ಹಾಕಿತು; ನವೆಂಬರ್‌ನಲ್ಲಿ ರಾಷ್ಟ್ರಪತಿ ಕೇಳಿದ ಪ್ರಶ್ನೆಗೆ ಉತ್ತರಿಸುತ್ತ ಅಂಥ ಮಿತಿ ವಿಧಿಸಲು ತನಗೆ ಬರುವುದಿಲ್ಲ ಎಂದಿತು. ಜನಪ್ರತಿನಿಧಿಗಳು ಒಪ್ಪಿದ ಮಸೂದೆ ರಾಜಭವನದ ಕಪಾಟಿನಲ್ಲಿ ಎಷ್ಟು ಕಾಲ ಇರಬಹುದು ಎಂಬುದಕ್ಕೆ ದಿನಗಳ ಲೆಕ್ಕದ ಉತ್ತರ ಹೀಗೆ ಇಲ್ಲದಾಯಿತು.

ಉಳಿದ ಜಾಗವನ್ನು, ಅದೂ ದೊಡ್ಡ ಭಾಗವನ್ನು, ಆಕ್ರಮಿಸಿದ್ದು ಕಾರ್ಯಾಂಗ. ಮೊದಲ ಲೋಕಸಭೆಯ 677 ದಿನಗಳ ಪಕ್ಕದಲ್ಲಿ 2019-24ರ 17ನೇ ಲೋಕಸಭೆಯ 274 ದಿನಗಳನ್ನಿಟ್ಟು ನೋಡಿ. ನಡುವೆ ಕೋವಿಡ್ ಬಂತು, ನಿಜ. ಆದರೆ ಇಳಿಜಾರು ಅದಕ್ಕೂ ಬಹಳ ಹಿಂದೆಯೇ ಶುರುವಾಗಿತ್ತು. 15ನೇ ಲೋಕಸಭೆಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಸೂದೆಗಳು ಸಂಸದೀಯ ಸಮಿತಿಗಳ ಕಣ್ಣು ದಾಟಿ ಬರುತ್ತಿದ್ದವು. 17ರಲ್ಲಿ ಅದು ಹದಿನಾರರ ಆಸುಪಾಸಿಗೆ ಇಳಿಯಿತು. ಸಂವಿಧಾನದ 93ನೇ ವಿಧಿ ಬೇಗನೆ ಆರಿಸಿಕೊಳ್ಳಿ ಎಂದಿರುವ ಉಪಸಭಾಧ್ಯಕ್ಷರು ಆ ಲೋಕಸಭೆಗೆ ಐದೂ ವರ್ಷ ಇರಲೇ ಇಲ್ಲ. 2023ರ ಮಾರ್ಚ್‌ನಲ್ಲಿ ಇಲಾಖಾವಾರು ಬೇಡಿಕೆಗಳೆಲ್ಲ ಚರ್ಚೆಯೇ ಇಲ್ಲದೆ ಗದ್ದಲದ ನಡುವೆ ಅಂಗೀಕಾರವಾದವು. ಮೂರು ಕೃಷಿ ಕಾಯ್ದೆಗಳು 2020ರಲ್ಲಿ ಸುಗ್ರೀವಾಜ್ಞೆಯಾಗಿ ಹುಟ್ಟಿದವು. 2021ರ ನವೆಂಬರ್‌ನಲ್ಲಿ ಅವುಗಳ ರದ್ದತಿಯ ಮಸೂದೆಗೂ ಚರ್ಚೆಯ ಭಾಗ್ಯ ಇರಲಿಲ್ಲ. ಇದು ಒಂದೇ ಪಕ್ಷದ ಚಾಳಿಯಲ್ಲ. 1967ರಿಂದ 1981ರವರೆಗೆ ಬಿಹಾರದಲ್ಲಿ 256 ಸುಗ್ರೀವಾಜ್ಞೆಗಳು ಹೊರಟು, ಅವನ್ನು ಮತ್ತೆ ಮತ್ತೆ ಜೀವಂತವಾಗಿಟ್ಟಿದ್ದನ್ನು ಸುಪ್ರೀಂ ಕೋರ್ಟ್ 1986ರಲ್ಲೇ ಸಂವಿಧಾನಕ್ಕೆ ಎಸಗಿದ ವಂಚನೆ ಎಂದಿತ್ತು. ನಮ್ಮಲ್ಲೂ ಅರಸು ಕಾಲದಲ್ಲಿ ಸದನದಲ್ಲಿ ದೀರ್ಘ ಚರ್ಚೆ ಕಂಡು ಬಂದ ಭೂಸುಧಾರಣೆಯ ಮುಖ್ಯ ನಿರ್ಬಂಧಗಳನ್ನು 2020ರ ಜುಲೈಯಲ್ಲಿ ತೆಗೆದುಹಾಕಿದ್ದು ಒಂದು ಸುಗ್ರೀವಾಜ್ಞೆ. ಸದನ ಒಪ್ಪಿದ್ದು ಆಮೇಲೆ. ವರ್ಷಕ್ಕೆ ಕನಿಷ್ಠ 60 ದಿನ ವಿಧಾನಮಂಡಲ ಕೂರಬೇಕೆಂದು 2005ರಲ್ಲಿ ಕರ್ನಾಟಕವೇ ಕಾಯ್ದೆ ಮಾಡಿಕೊಂಡಿದೆ. ಅದನ್ನು ಪಾಲಿಸಿದ ವರ್ಷಗಳನ್ನು ಹುಡುಕಬೇಕು.

ಕೆಳಹಂತದ ಕತೆ ಇನ್ನೂ ಸಂಕಟದ್ದು. 73 ಮತ್ತು 74ನೇ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸ್ಪಷ್ಟವಾಗಿ ಬರೆದಿವೆ. ನಜೀರ್ ಸಾಬರ ನಾಡಿನಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಕಾರುಬಾರು ನಡೆಸಿದ್ದಾರೆ. ಬೆಂಗಳೂರು ಮಹಾನಗರದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ತೀರಿದಾಗಲೂ ಆದದ್ದು ಅದೇ. ಆಳುವವರು ಬದಲಾದರು, ನೆಪಗಳು ಬದಲಾದವು, ಚುನಾವಣೆ ಮಾತ್ರ ಮುಂದೆ ಹೋಯಿತು. 15ನೇ ಹಣಕಾಸು ಆಯೋಗದಲ್ಲಿ ತೆರಿಗೆಯ ಪಾಲು ಶೇ 4.713ರಿಂದ 3.647ಕ್ಕೆ ಕುಸಿದಾಗ ಕರ್ನಾಟಕ ಎತ್ತಿದ ದನಿ ನ್ಯಾಯವಾದದ್ದೇ. ಆದರೆ ದೆಹಲಿಯಲ್ಲಿ ಪಾಲು ಕೇಳುವವರು ತಮ್ಮ ಕೈಕೆಳಗಿನ ಜಿಲ್ಲೆ, ತಾಲ್ಲೂಕುಗಳಿಗೆ ಪಾಲು ಕೊಡದೆ ಕೂತರೆ ಆ ದನಿಯ ತೂಕ ಕಡಿಮೆಯಾಗುತ್ತದೆ.

ಎರಡೂ ಬದಿಗಳನ್ನು ತೂಗಿ ನೋಡೋಣ. ಸೇನೆ ಬ್ಯಾರಕ್ಕಿನಲ್ಲೇ ಉಳಿಯಿತು. ನ್ಯಾಯಾಂಗ 1976ರ ಅವಮಾನದಿಂದ ಮೇಲೆದ್ದು ನಿಂತಿತು. ಜಿಲ್ಲಾಧಿಕಾರಿಯ ಕೈಕೆಳಗಿದ್ದ ಮ್ಯಾಜಿಸ್ಟ್ರೇಟರ ಕೋರ್ಟುಗಳು 1974ರಲ್ಲಿ ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆಯಿಂದ ಹೈಕೋರ್ಟಿನ ಅಧೀನಕ್ಕೆ ಬಂದು, 50ನೇ ವಿಧಿಯ ಮಾತು ತಡವಾಗಿಯಾದರೂ ನಡೆಯಿತು. ರಾಜ್ಯ ಸರ್ಕಾರಗಳನ್ನು ಮನಬಂದಂತೆ ಉರುಳಿಸುವ ದಿನಗಳು ಹೋದವು. ಇವು ಉಳಿದ ಫಲಗಳು. ಕಳೆದದ್ದು ಅಂಬೇಡ್ಕರ್ ಸ್ಥಿರತೆಗಿಂತ ಮೇಲೆಂದು ಆರಿಸಿಕೊಂಡ ಆ ದಿನನಿತ್ಯದ ಹೊಣೆಗಾರಿಕೆ. ಸರ್ಕಾರಗಳಿಗೆ ಸ್ಥಿರತೆ ಸಿಕ್ಕಿದೆ, ಲೆಕ್ಕ ಕೇಳುವವರಿಗೆ ಸಮಯ ಸಿಗದಾಗಿದೆ. ಅಂಗಳದ ಕಾವಲು ಸಡಿಲಾದಾಗ ಜಗಳವೆಲ್ಲ ಕೋರ್ಟು ಮೆಟ್ಟಿಲೇರುವುದು ಸಹಜ; ಆಮೇಲೆ ಕೋರ್ಟು ಎಲ್ಲೆ ಮೀರಿತೆಂದು ದೂರುವುದು ತಪ್ಪು ಗುರುತಿಗೆ ಬಾಣ ಬಿಟ್ಟಂತೆ. ದಾರಿ ಕಾಣದ ಸಂಗತಿಯೂ ಇದಲ್ಲ. ಕನ್ನಡಿಗರಾದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷರಾಗಿದ್ದ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲೇ ಲೋಕಸಭೆ ವರ್ಷಕ್ಕೆ ಕನಿಷ್ಠ 120 ದಿನ, ರಾಜ್ಯಸಭೆ 100 ದಿನ ಕೂರಬೇಕೆಂದು ಶಿಫಾರಸು ಮಾಡಿತ್ತು. ಆ ಶಿಫಾರಸನ್ನು ಜಾರಿ ಮಾಡುವ ಮನಸ್ಸನ್ನು ಯಾವ ಪಕ್ಷವೂ ತೋರಿಲ್ಲ.

ಕ್ಷೇತ್ರ ಪುನರ್ವಿಂಗಡಣೆಯ ವಿಚಾರ ಬಾಗಿಲಲ್ಲಿ ನಿಂತಿರುವ ಈ ಹೊತ್ತು, ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬ ವಾದ ಬಿರುಸಾಗಿದೆ. ಆ ವಾದ ಬೇಕು. ಜೊತೆಗೆ ಆ ಸ್ಥಾನಗಳಲ್ಲಿ ಕೂರುವವರು ವರ್ಷಕ್ಕೆ ಎಷ್ಟು ದಿನ ಕೂರುತ್ತಾರೆ, ಕೂತಾಗ ಏನು ಕೇಳುತ್ತಾರೆ ಎಂಬ ಪ್ರಶ್ನೆಯೂ ಬೇಕು. ರಸ್ತೆ, ಚರಂಡಿ, ವರ್ಗಾವಣೆ ಪತ್ರಕ್ಕಾಗಿ ಶಾಸಕರ ಮನೆ ಬಾಗಿಲಿಗೆ ಹೋಗುವ ಮತದಾರ ಇನ್ನು ಮುಂದೆ ಇದೊಂದನ್ನೂ ಕೇಳಲಿ: ಕಳೆದ ಅಧಿವೇಶನದಲ್ಲಿ ನೀವು ಎಷ್ಟು ದಿನ ಹಾಜರಿದ್ದಿರಿ, ಯಾವ ಮಸೂದೆಯ ಮೇಲೆ ಮಾತಾಡಿದಿರಿ? ಸದನದ ಬಲ ಮರಳಬೇಕಾದರೆ ಆ ಪ್ರಶ್ನೆ ಮತದಾರನಿಂದಲೇ ಹೊರಡಬೇಕು.